ಘಟಪ್ರಭೆಯ ದಂಡೆಯ ದೇಶಿ

ಕಲ್ಯಾಣದಲ್ಲಿ ಚಾಲುಕ್ಯರ ಮೂರನೆಯ ಸೋಮೇಶ್ವರ ಪಟ್ಟದಲ್ಲಿದ್ದ ಕಾಲವದು. ಘಟಪ್ರಭೆಯ ಸೀಮೆಯನ್ನು ಸವದತ್ತಿಯ ರಟ್ಟರು ಅವನ ಮಾಂಡಲಿಕರಾಗಿ ಆಳುತ್ತಿದ್ದರು. ಗೋಕಾಕಕ್ಕೆ ಹತ್ತಿರದ ಕೊಣ್ಣೂರಿನಲ್ಲಿ ಅವರ ಕಾಲದ ಶಾಸನಗಳು ದೊರೆತಿವೆ. ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಆನೆ ಹಿಡಿಯುವುದರಿಂದ ಹಿಡಿದು ಅಡುಗೆಯವರೆಗೆ ಅರಸನಾದವನು ಅರಿಯಬೇಕಾದದ್ದೆಲ್ಲ ಅದರಲ್ಲಿದೆ. ಗೀತದ ಮಾತು ಬಂದಾಗ ಮಾತ್ರ ಈ ಅರಸ ಓಲಗ ಬಿಟ್ಟು ಊರಿನತ್ತ ಕಿವಿಗೊಡುತ್ತಾನೆ. ಕಥೆ ಹೇಳಲು ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಲ, ಯೋಗಿಗಳಿಗೆ ಚರ್ಯೆ. ಮಹಾರಾಷ್ಟ್ರದ ಹೆಂಗಸರು ಒನಕೆ ಹಿಡಿದು ಕುಟ್ಟುವಾಗ ಹಾಡುವುದು ಓವಿ. ಹುಕ್ಕೇರಿ, ಸಂಕೇಶ್ವರಗಳ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅತ್ತ ಓವಿ ಕೇಳಿದ ಕಿವಿಗೇ ಇತ್ತ ಬೀಸುವಕಲ್ಲಿನ ಮುಂದಿನ ತ್ರಿಪದಿಯೂ ಕೇಳುತ್ತ ಬಂದ ಗಡಿಸೀಮೆ ಇದು.

ಶಾಸ್ತ್ರಕಾರರು ಸಂಗೀತವನ್ನು ಮಾರ್ಗ, ದೇಶಿ ಎಂದು ಎರಡಾಗಿ ವಿಂಗಡಿಸಿದರು. ದೇವತೆಗಳು ಅರಸಿ ಕಂಡದ್ದು, ಕಟ್ಟುನಿಟ್ಟಿನದು ಮಾರ್ಗ. ಆಯಾ ನಾಡಿನ ಜನರ ಮನಸ್ಸಿಗೆ ಹಿಡಿಸಿದ್ದು ದೇಶಿ. ಪರೀಕ್ಷೆಗೆ ಓದುವ ಮಕ್ಕಳು ದೇಶಿಯನ್ನು ಮಾರ್ಗಕ್ಕಿಂತ ಕೀಳೆಂದು ತಿಳಿಯುವುದುಂಟು. ಗ್ರಂಥ ಬರೆದವರಿಗೆ ಅಂಥ ಭ್ರಮೆ ಇರಲಿಲ್ಲ. ಅವರ ಕಾಲಕ್ಕೆ ಮಾರ್ಗ ಹೆಚ್ಚುಕಡಿಮೆ ಓಲೆಗರಿಯ ಮಾತಾಗಿತ್ತು. ಕಂಠದಲ್ಲಿ ಉಳಿದಿದ್ದುದು ದೇಶಿ.

1230ರ ದಶಕದಲ್ಲಿ ರಟ್ಟರ ಆಳ್ವಿಕೆ ಮುಗಿಯಿತು. ದೇವಗಿರಿಯ ಸೇವುಣ ಅರಸ ಸಿಂಘಣನ ದಂಡನಾಯಕ ವೀಚಣ ಈ ನಾಡನ್ನು ಗೆದ್ದುಕೊಂಡ. ಅದೇ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದವನು ಶಾರ್ಙ್ಗದೇವ. ಕಾಶ್ಮೀರದಿಂದ ವಲಸೆ ಬಂದ ಮನೆತನದವನು. ಅವನ ‘ಸಂಗೀತರತ್ನಾಕರ’ಕ್ಕೆ ಏಳು ಅಧ್ಯಾಯಗಳು. ಇಂದಿಗೂ ಹಿಂದುಸ್ತಾನಿಯವರು, ಕರ್ನಾಟಕಿಯವರು ಇಬ್ಬರೂ ತಮ್ಮದೆನ್ನುವ ಗ್ರಂಥವದು.

ಅದರಲ್ಲಿ ವಿದ್ಯಾರ್ಥಿಗಳು ತಪ್ಪದೆ ನೋಡಬೇಕಾದದ್ದು ಎರಡು ವೀಣೆಗಳ ಪ್ರಯೋಗ. ಎರಡಕ್ಕೂ 22 ತಂತಿ, ಶ್ರುತಿಗೊಂದರಂತೆ. ಒಂದು ಧ್ರುವವೀಣೆ, ಅದರ ತಂತಿ ಕದಲಿಸುವಂತಿಲ್ಲ. ಇನ್ನೊಂದು ಚಲವೀಣೆ, ಅದರ ಸ್ವರಗಳನ್ನು ಒಂದೊಂದೇ ಶ್ರುತಿ ಇಳಿಸುತ್ತ ಹೋಗಬೇಕು. ಎರಡನೆಯ ಸಲ ಇಳಿಸಿದಾಗ ಚಲವೀಣೆಯ ಗಾಂಧಾರ, ನಿಷಾದಗಳು ಧ್ರುವವೀಣೆಯ ರಿಷಭ, ಧೈವತಗಳಲ್ಲಿ ಸೇರಿಹೋಗುತ್ತವೆ. ಮೂರನೆಯ ಸಲಕ್ಕೆ ರಿಷಭ, ಧೈವತಗಳು ಷಡ್ಜ, ಪಂಚಮಗಳಲ್ಲಿ. ನಾಲ್ಕನೆಯದಕ್ಕೆ ಷಡ್ಜ, ಮಧ್ಯಮ, ಪಂಚಮಗಳು ಕ್ರಮವಾಗಿ ನಿಷಾದ, ಗಾಂಧಾರ, ಮಧ್ಯಮಗಳಲ್ಲಿ. ಶ್ರುತಿ 22 ಎಂದು ಬಾಯಿಪಾಠ ಮಾಡುವ ಬದಲು ಕಿವಿಯಿಂದ ಎಣಿಸುವ ದಾರಿ ಇದು, ಲೆಕ್ಕಾಧಿಕಾರಿಗೆ ತಕ್ಕದ್ದೇ. ಇದಕ್ಕೂ ಎರಡು ಶತಮಾನ ಹಿಂದೆ ಇಟಲಿಯ ಅರೆಝೋದ ಗೀದೊ ಎಂಬ ಸನ್ಯಾಸಿ ಗಾಯಕ ಹುಡುಗರಿಗೆ ಬೇಗ ಕಲಿಸಲೆಂದು ಸ್ವರಗಳಿಗೆ ಉತ್, ರೇ, ಮೀ ಎಂದು ಹೆಸರಿಟ್ಟಿದ್ದ. ಅಷ್ಟರಲ್ಲಿ ನಮ್ಮ ಸರಿಗಮ ಹಳತಾಗಿತ್ತು.

ಸೇವುಣರು ಹೋದರು. ಬಹಮನಿಗಳು ಬಂದರು, ಅವರ ತರುವಾಯ ವಿಜಾಪುರದ ಆದಿಲಶಾಹಿ. ಹುಕ್ಕೇರಿಯ ಮೂರು ಗುಮ್ಮಟಗಳು ಆ ಕಾಲದವು. ಆ ವಂಶದ ಎರಡನೆಯ ಇಬ್ರಾಹಿಮ (1580–1627) ಸ್ವತಃ ಹಾಡುಗಾರ, ‘ಕಿತಾಬ್-ಎ-ನವರಸ್’ ಬರೆದವನು. ದಖನಿ ಭಾಷೆಯ ಅದರ ಹಾಡುಗಳು ಭೂಪಾಲಿ, ತೋಡಿ, ಕೇದಾರ, ಮಲ್ಹಾರ ಎಂದು ರಾಗದ ಹೆಸರಿನಡಿ ಜೋಡಿಸಲ್ಪಟ್ಟಿವೆ. ಸುಲ್ತಾನ ಸರಸ್ವತಿ, ಗಣಪತಿಯರನ್ನೂ ಹಾಡಿದ. ತನ್ನ ತಂಬೂರಿಗೆ ಮೋತಿಖಾನ ಎಂದು ಹೆಸರಿಟ್ಟು ಮುದ್ದಿಸಿದ.

ಅರಮನೆಗಳ ಮಾತು ಇಲ್ಲಿಗೆ ಸಾಕು. ಈ ಸೀಮೆ ತಾನಾಗಿ ಹಾಡಿದ ಕಥೆ ಇಂದಿನ ಮೂಡಲಗಿ ತಾಲ್ಲೂಕಿನ ಕುಲಗೋಡದಲ್ಲಿದೆ. ಅಪರಾಳ ತಮ್ಮಣ್ಣ ಬರೆದ ‘ಶ್ರೀಕೃಷ್ಣ ಪಾರಿಜಾತ’ವನ್ನು ಆಟಕ್ಕೆ ಒಗ್ಗಿಸಿ, ಪದ ಹೊಸೆದು, ಊರ ಬಯಲಿಗೆ ತಂದವನು ಕುಲಗೋಡ ತಮ್ಮಣ್ಣ. ನಾರದ ತಂದ ಪಾರಿಜಾತ ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಕೃಷ್ಣ ಕೊರವಂಜಿಯ ವೇಷ ತೊಟ್ಟು ಅವಳ ಬಾಗಿಲಿಗೆ ಬರುತ್ತಾನೆ. ಇಷ್ಟೇ ಕಥೆ, ಆದರೆ ಬೆಳಗಿನವರೆಗೆ ಸಾಲುತ್ತದೆ. ಪಾತ್ರಧಾರಿ ಪದ ಎತ್ತುತ್ತಾನೆ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ, ನಡುವೆ ಭಾಗವತನ ಕೊಂಕುಮಾತು. ಹತ್ತಿರದ ಕೌಜಲಗಿಯ ನಿಂಗಮ್ಮ, ಹೆಣ್ಣುಮಕ್ಕಳು ರಂಗ ಹತ್ತಲು ಅಂಜುತ್ತಿದ್ದ ದಿನಗಳಲ್ಲಿ, ಈ ಆಟದಿಂದಲೇ ಉತ್ತರ ಕರ್ನಾಟಕದಾದ್ಯಂತ ಮನೆಮಾತಾದರು.

1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂದ್ರ ದೆಬಾಂ ರೂಪಿಸಿದ ಹಾರ್ಮೋನಿಯಂ ಕೋಲ್ಕತ್ತೆಯಲ್ಲಿ ನೆಲಕ್ಕೆ ಕೂತು ನುಡಿಸುವ ಪೇಟಿಯಾಯಿತು; ಕಂಪನಿ ನಾಟಕಗಳ ಕಾಲಕ್ಕೆ ಪಾರಿಜಾತದ ಹಿಮ್ಮೇಳಕ್ಕೂ ಬಂತು. ಶಾರ್ಙ್ಗದೇವನ 22 ಶ್ರುತಿ ಎಲ್ಲಿ, ಪೇಟಿಯ ಹನ್ನೆರಡು ಮನೆ ಎಲ್ಲಿ! ಈ ಕೊರತೆಗಾಗಿಯೇ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು. ನಿಷೇಧ ಸಡಿಲಾದದ್ದು 1971ರಲ್ಲಿ. ಪಾರಿಜಾತದವರು ಅದನ್ನು ಲೆಕ್ಕಕ್ಕಿಡಲಿಲ್ಲ. ಪೇಟಿ ಕೊಡಲಾರದ ಶ್ರುತಿಯನ್ನು ಕಂಠ ತುಂಬಿಕೊಡುತ್ತಿತ್ತು. ನನ್ನ ಮಟ್ಟಿಗೆ ಅವರ ತೀರ್ಪೇ ಸರಿ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಡಾಕ್ಟರೇಟ್ ಪಡೆದರು. ಬಯಲಾಟದ ಮಟ್ಟುಗಳನ್ನು ‘ಜೋಕುಮಾರಸ್ವಾಮಿ’ಗೆ ತಂದು ಆಧುನಿಕ ರಂಗಕ್ಕೆ ಏರಿಸಿದರು. ಸಂಗೀತ ಪರೀಕ್ಷೆಗೆ ಕೂರುವ ಮಕ್ಕಳು ದೇಶಿಯ ಲಕ್ಷಣ ಬರೆಯುವ ಮೊದಲು ಒಂದು ರಾತ್ರಿ ಪಾರಿಜಾತ ನೋಡಿ ಬರಲಿ. ಕೂರುವುದಾದರೆ ಪೇಟಿ ಮಾಸ್ತರರ ಪಕ್ಕದಲ್ಲೇ ಕೂರಲಿ.