ವಾರಾನ್ನದಿಂದ ವಿದ್ಯಾರ್ಥಿನಿಲಯದವರೆಗೆ



ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಎಂದೊಡನೆ ನಮಗೆ ನೆನಪಾಗುವುದು ಅಲ್ಲಿಯ ಮಹಾಲಕ್ಷ್ಮಿ ದೇವಸ್ಥಾನ. ಶುಕ್ರವಾರ ಬಂತೆಂದರೆ ದೂರದ ಊರುಗಳಿಂದ ಜನ ಬಂದು ಸೇರುತ್ತಾರೆ. ಹೀಗೆ ಬರುವವರನ್ನು ನಾವೆಲ್ಲ ನೋಡುತ್ತೇವೆ. ಆದರೆ ಅಂಥ ಊರುಗಳಿಂದ ಪುಸ್ತಕ ಬಟ್ಟೆ ಕಟ್ಟಿಕೊಂಡು ಓದಲು ಹೊರಡುವ ಹುಡುಗ ಹುಡುಗಿಯರನ್ನು ಗಮನಿಸುವವರು ಕಡಿಮೆ. ಊರಿನಲ್ಲಿ ಇಂಥವರ ಮಗ, ಇಂಥವರ ಮಗಳು ಎಂದು ಗುರುತಿಸಿಕೊಂಡವರು ಪಟ್ಟಣದಲ್ಲಿ ಹಾಜರಿ ಪುಸ್ತಕದ ಒಂದು ಸಂಖ್ಯೆಯಾಗುತ್ತಾರೆ. ಸಂಜೆಯಾದಾಗ ಮಾತನಾಡಲು ಯಾರೂ ಇಲ್ಲ ಎನಿಸುತ್ತದೆ. ಈ ಒಂಟಿತನ ಇಂದಿನದೇ? ಅಲ್ಲ. ಇದಕ್ಕೂ ಒಂದು ಚರಿತ್ರೆ ಇದೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಆಗ ಅದರ ಪ್ರಮುಖ ಕಾಲೇಜುಗಳು ಎರಡೇ: ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ತುಮಕೂರು ಸೀಮೆಯ ಹುಡುಗ ಪದವಿ ಪಡೆಯಬೇಕಾದರೆ ಊರು ಬಿಡಲೇಬೇಕಾಗಿತ್ತು. ಹಾಗೆ ಊರು ಬಿಟ್ಟ ಬಡ ಹುಡುಗರಲ್ಲಿ ಅನೇಕರಿಗೆ ಆಧಾರವಾಗಿದ್ದುದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರವಿಡೀ ಊಟ. ಅನ್ನವಿಟ್ಟ ಆ ಮನೆಗಳ ಉಪಕಾರವನ್ನು ಮರೆಯುವಂತಿಲ್ಲ. ಆದರೂ ಏಳು ಮನೆಯಲ್ಲಿ ಉಂಡವನಿಗೆ ತನ್ನದೆನ್ನುವ ಒಂದು ಮನೆ ಇರಲಿಲ್ಲ. ಸಂಕೋಚದಿಂದ ಹೋಗಬೇಕು, ಬಡಿಸಿದಷ್ಟು ಉಣ್ಣಬೇಕು, ಬೇಗನೆ ಎದ್ದು ಬರಬೇಕು. ಜೊತೆಗೆ ಜಾತಿಯ ಗೋಡೆ ಬೇರೆ. ಹಲವರ ಪಾಲಿಗೆ ಆ ಬಾಗಿಲುಗಳು ತೆರೆಯಲೇ ಇಲ್ಲ. ಮನೆ ಬಿಟ್ಟು ದೂರ ಹೋಗಿ ಓದುವ ಅವಕಾಶ ಹೆಣ್ಣುಮಕ್ಕಳಿಗಂತೂ ಬಹಳ ಅಪರೂಪ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ವಾರಾನ್ನ ಹಸಿವನ್ನು ನೀಗಿಸಿತು, ಒಂಟಿತನವನ್ನು ನೀಗಿಸಲಿಲ್ಲ. ಅದಕ್ಕೆ ಸಮಾನರ ಪಂಕ್ತಿ ಬೇಕಾಗಿತ್ತು.

ಅಂಥ ಪಂಕ್ತಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿಕೊಂಡವು. ನಮ್ಮ ಜಿಲ್ಲೆಯ ಗುಬ್ಬಿಯವರಾದ ವರ್ತಕ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. ವಿದ್ಯಾರ್ಥಿಗಳ ಉಚಿತ ವಸತಿಗೂ ತಮ್ಮ ಗಳಿಕೆಯನ್ನು ಕೊಟ್ಟು 1910ರಲ್ಲಿ ತೀರಿಕೊಂಡರು. ಬೇರೆ ಬೇರೆ ಸಮುದಾಯಗಳ ಸಂಘಗಳೂ ತಮ್ಮ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 1941ರಿಂದ ಅಧ್ಯಕ್ಷರಾಗಿದ್ದ ಶ್ರೀ ಶಿವಕುಮಾರ ಸ್ವಾಮೀಜಿಯವರು ಈ ಪಂಕ್ತಿಯನ್ನು ಜಾತಿ ಮತ ಕೇಳದೆ ವಿಸ್ತರಿಸಿದರು. ಸ್ವತಃ ಅವರೂ ಎಳೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರು. ಹಳ್ಳಿಯಿಂದ ಬಂದು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಅವರು ಲಿಂಗೈಕ್ಯರಾದ 2019ರ ಹೊತ್ತಿಗೆ ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು ಉಂಡು, ಮಲಗಿ, ಓದುತ್ತಿದ್ದರು. ಅಲ್ಲಿ ಪ್ರಾರ್ಥನೆ ಒಟ್ಟಿಗೆ, ಊಟ ಒಟ್ಟಿಗೆ. ಮನೆ ನೆನೆದು ಅಳುವ ಮಗುವಿನ ಪಕ್ಕದಲ್ಲಿ ಹೋದ ವರ್ಷ ಹಾಗೆಯೇ ಅತ್ತಿದ್ದ ಇನ್ನೊಂದು ಮಗು ಇರುತ್ತದೆ. ಸಮಾಧಾನ ಹೇಳಲು ಅದಕ್ಕಿಂತ ತಿಳಿದವರು ಯಾರು?

ದೊಡ್ಡವರಾದವರೂ ಈ ಕಷ್ಟವನ್ನು ಉಂಡವರೇ. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಕುವೆಂಪು ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡಿದ್ದರು. ವಿದ್ಯಾರ್ಥಿಯಾಗಿ ಬಾಡಿಗೆ ಕೋಣೆಯಲ್ಲಿದ್ದು ಕಾಯಿಲೆ ಬಿದ್ದಾಗ ಅವರನ್ನು ಕರೆದೊಯ್ದು ಆರೈಕೆ ಮಾಡಿದ್ದು ಶ್ರೀ ರಾಮಕೃಷ್ಣಾಶ್ರಮ. ಮುಂದೆ ಹಲವು ವರ್ಷ ಆಶ್ರಮವೇ ಅವರ ಮನೆಯಾಯಿತು. ಕೋಣೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಯಾರೋ ಬಾಗಿಲು ತಟ್ಟಿದರು, ಇವರು ಒಪ್ಪಿ ಎದ್ದು ಹೋದರು. ಎರಡೂ ಮುಖ್ಯ.

ಮಧುಗಿರಿಗೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರದು ಇನ್ನೊಂದು ಬಗೆ. ಬಸ್ಸಿಗೆ ಹಣವಿಲ್ಲದೆ 1935ರಲ್ಲಿ ಅವರು ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಭೌತಶಾಸ್ತ್ರ ಓದಿದರು, ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ, ಹುಡುಗರ ನಡುವೆಯೇ, 2005ರಲ್ಲಿ ತೀರಿಕೊಳ್ಳುವವರೆಗೂ ಬಾಳಿದರು. ಒಬ್ಬರೇ ಇದ್ದರು, ಆದರೆ ಒಂಟಿಯಾಗಿರಲಿಲ್ಲ. ಒಬ್ಬರೇ ಇರುವುದೂ ಒಂಟಿತನವೂ ಒಂದೇ ಅಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಈಗ ಕಾಲ ಬದಲಾಗಿದೆ. ತುಮಕೂರಿನಲ್ಲೇ 2004ರಲ್ಲಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಹಿಂದುಳಿದ ವರ್ಗಗಳ, ಪರಿಶಿಷ್ಟರ, ಹೆಣ್ಣುಮಕ್ಕಳ ಸರ್ಕಾರಿ ವಿದ್ಯಾರ್ಥಿನಿಲಯಗಳು ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಮನೆಯವರ ದನಿ ಕೇಳಬೇಕೆಂದರೆ ಕೈಯಲ್ಲೇ ಮೊಬೈಲ್ ಫೋನು ಇದೆ. ಆದರೂ ಒಂಟಿತನ ಹೋಗಿಲ್ಲ. ಏಕೆಂದರೆ ಕೋಣೆಯಲ್ಲಿ ನಾಲ್ವರಿದ್ದೂ ನಾಲ್ವರೂ ತಂತಮ್ಮ ಫೋನು ನೋಡುತ್ತ ಕುಳಿತರೆ ಅದು ಪಂಕ್ತಿಯಾಗುವುದಿಲ್ಲ. ಹಿಂದೆ ಮಠ, ಛತ್ರ, ಸಂಘಗಳು ಹಾಕಿಕೊಟ್ಟ ಪಂಕ್ತಿಯನ್ನು ಇಂದು ನಾವೇ ಹಾಕಿಕೊಳ್ಳಬೇಕಾಗಿದೆ.

ಅದು ಕಷ್ಟದ ಕೆಲಸವಲ್ಲ. ದಿನಕ್ಕೆ ಒಂದು ಊಟವನ್ನಾದರೂ ಇನ್ನೊಬ್ಬರ ಜೊತೆ ಕುಳಿತು ಮಾಡಿ. ಗ್ರಂಥಾಲಯ, ಆಟದ ಮೈದಾನ, ರಾಷ್ಟ್ರೀಯ ಸೇವಾ ಯೋಜನೆ, ನಾಟಕ ತಂಡ, ಹೀಗೆ ನಾಲ್ಕು ಜನ ಸೇರಿ ಕೆಲಸ ಮಾಡುವ ಯಾವುದಾದರೂ ಒಂದು ಕಡೆ ನಿಮ್ಮ ಹೆಸರು ಬರೆಸಿ. ಇಂಗ್ಲಿಷ್ ಬಾರದೆಂದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂತವರನ್ನು ನೀವೇ ಮಾತನಾಡಿಸಿ. ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡವೆನಿಸುವ ಮಟ್ಟಕ್ಕೆ ಹೋದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಗುರುಗಳಿಗೆ, ವಾರ್ಡನ್ ಅವರಿಗೆ, ಮನೆಯವರಿಗೆ ತಿಳಿಸಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೇಳಿಕೊಳ್ಳುವುದು ಅವಮಾನವಲ್ಲ.

ವಾರಾನ್ನದ ಹುಡುಗನಿಗೆ ಏಳು ಮನೆಗಳ ಬಾಗಿಲು ತಟ್ಟುವ ಧೈರ್ಯ ಬೇಕಾಗಿತ್ತು. ನಿಮಗೆ ಬೇಕಾಗಿರುವುದು ಪಕ್ಕದ ಕೋಣೆಯ ಒಂದೇ ಬಾಗಿಲು ತಟ್ಟುವ ಧೈರ್ಯ. ಯಾರಿಗೆ ಗೊತ್ತು, ಒಳಗಿರುವವರೂ ಯಾರಾದರೂ ಬರಲಿ ಎಂದು ಕಾಯುತ್ತಿರಬಹುದು.