ಮಾಗಡಿ ರಸ್ತೆಯ ಅಜ್ಜಿಕಥೆಗಳು

ಬೆಂಗಳೂರಿನಿಂದ ಪಶ್ಚಿಮಕ್ಕೆ ಮಾಗಡಿ ರಸ್ತೆ ಹಿಡಿದು ಹೊರಟರೆ ಕಾಮಾಕ್ಷಿಪಾಳ್ಯ ಸಿಗುತ್ತದೆ. ಲೇತ್ ಯಂತ್ರಗಳ ಸದ್ದು, ಸಣ್ಣಪುಟ್ಟ ಕಾರ್ಖಾನೆಗಳು, ಅವುಗಳ ಹಿಂದುಮುಂದಿನ ಓಣಿಗಳಲ್ಲಿ ಬಾಡಿಗೆ ಮನೆಗಳು. ಕೆಲಸ ಅರಸಿ ಹಳ್ಳಿಗಳಿಂದ ಬಂದ ಸಂಸಾರಗಳು ಇಲ್ಲಿ ಬಹಳ. ತಂದೆ ಎರಡನೇ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಗು ಮಲಗಿರುತ್ತದೆ. ಕಥೆ ಹೇಳಬೇಕಾದ ಅಜ್ಜಿ ಊರಿನಲ್ಲೇ ಉಳಿದಿರುತ್ತಾಳೆ. ‘ನಾವು ಪುರಾಣ ಓದಿದವರಲ್ಲ, ಮಕ್ಕಳಿಗೆ ಏನು ಹೇಳೋಣ?’ ಎನ್ನುವ ತಾಯಂದಿರಿಗೆ ನನ್ನ ಉತ್ತರ ಇಷ್ಟೇ: ಮನೆಯ ಮುಂದಿನ ರಸ್ತೆಯಿಂದಲೇ ಆರಂಭಿಸಿ.

ಈ ರಸ್ತೆ ಹೋಗಿ ಸೇರುವ ಮಾಗಡಿಗೂ ಬೆಂಗಳೂರಿಗೂ ಕೆಂಪೇಗೌಡರ ಮನೆತನವೇ ನಂಟು. 1638ರಲ್ಲಿ ಬೆಂಗಳೂರು ಬಿಜಾಪುರದ ಸೈನ್ಯದ ವಶವಾದ ಮೇಲೆ ಆ ಮನೆತನ ಮಾಗಡಿಗೆ ಸರಿಯಿತು. ಅದಕ್ಕೂ ನೂರು ವರ್ಷ ಹಿಂದೆ, 1537ರಲ್ಲಿ, ಮೊದಲನೆಯ ಕೆಂಪೇಗೌಡರು ಊರು ಕಟ್ಟಿದಾಗ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರೆಂದೂ, ನೇಗಿಲು ಎಳೆದ ಸಾಲುಗಳೇ ಪೇಟೆಯ ಬೀದಿಗಳಾದವೆಂದೂ ಐತಿಹ್ಯ. ಇದನ್ನು ಹೇಳಿ ಅಲ್ಲಿಗೇ ನಿಲ್ಲಿಸಬೇಡಿ. ನಮ್ಮ ಕಡೆಗೆ ಬಂದ ಎತ್ತುಗಳ ಬಣ್ಣ ಯಾವುದು, ದಾರಿಯಲ್ಲಿ ಅವು ಎಲ್ಲಿ ನೀರು ಕುಡಿದವು ಎಂದು ಮಗುವನ್ನೇ ಕೇಳಿ. ಉತ್ತರ ತಪ್ಪಾಗುವ ಭಯವಿಲ್ಲದ ಪ್ರಶ್ನೆಗಳು ಇವು. ಶಾಲೆಯಲ್ಲಿ ಇಂಥ ಪ್ರಶ್ನೆಗಳು ಮಕ್ಕಳಿಗೆ ಸಿಗುವುದು ಕಡಿಮೆ.

ಇನ್ನೊಂದು ಕಥೆ ಅಷ್ಟು ಸುಲಭದ್ದಲ್ಲ. ಕೋಟೆಯ ಬಾಗಿಲು ನಿಲ್ಲಿಸಿದಷ್ಟೂ ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿ ಬೇಕೆಂಬ ಮಾತು ಹುಟ್ಟಿತಂತೆ. ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ಪ್ರಾಣ ಕೊಟ್ಟಳಂತೆ. ಕೋರಮಂಗಲದಲ್ಲಿ ಆಕೆಯ ಸಮಾಧಿಯೆಂದು ತೋರಿಸುವ ಸ್ಥಳವಿದೆ. ಇದನ್ನು ತ್ಯಾಗದ ಪಾಠವೆಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ‘ಯಾರೂ ಅವಳನ್ನು ಏಕೆ ತಡೆಯಲಿಲ್ಲ?’ ಎಂದು ಮಗು ಕೇಳಿದರೆ ಗದರಿಸಬಾರದು. ಕಥೆಯನ್ನು ನಿಜವಾಗಿ ಕೇಳಿದ ಮಗು ಮಾತ್ರ ಆ ಪ್ರಶ್ನೆ ಕೇಳೀತು.

ಹಾಗಾದರೆ ಸುಳ್ಳನ್ನು ಮಕ್ಕಳ ತಲೆಗೆ ತುಂಬಿದಂತಾಗುವುದಿಲ್ಲವೇ? ಬೆಂಗಳೂರಿನ ಹೆಸರನ್ನೇ ನೋಡೋಣ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬುದು ಎಲ್ಲರೂ ಬಲ್ಲ ಕಥೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು 890ರ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಈ ಎರಡು ವರ್ಷಗಳನ್ನು ಮುಂದಿಟ್ಟರೆ ಐದನೇ ತರಗತಿಯ ಮಗು ಕಳೆಯುವ ಲೆಕ್ಕ ಮಾಡಿ, ರಾಜ ಬರುವುದಕ್ಕೆ 283 ವರ್ಷ ಮೊದಲೇ ಹೆಸರಿತ್ತಲ್ಲ ಎಂದು ತಾನೇ ಹೇಳುತ್ತದೆ. ಮುದುಕಿಯ ಕಾಳಿನ ರುಚಿ ಅದರಿಂದ ಕೆಡುವುದಿಲ್ಲ. ಕಥೆ ಕೇಳಿರದ ಮಗುವಿಗೆ ಶಾಸನದ ಕುತೂಹಲ ಹುಟ್ಟುವುದಾದರೂ ಹೇಗೆ?

ಅಜ್ಜಿಯ ಜಾಗವನ್ನು ಮುದ್ರಣ ಕೆಲಮಟ್ಟಿಗೆ ತುಂಬಿತು. ಪಂಜೆ ಮಂಗೇಶರಾಯರು (1874-1937) ಮಕ್ಕಳಿಗಾಗಿ ಬರೆದರು. 1949ರಿಂದ ‘ಚಂದಮಾಮ’ ಕನ್ನಡದಲ್ಲೂ ಬಂತು. ‘ಅಮರ ಚಿತ್ರಕಥೆ’ಯ ಮೂಲದಲ್ಲೂ ಕನ್ನಡವಿದೆ ಎಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಸಲಹೆಯಿಂದ ಅದರ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಅವು ಸಿಂಡ್ರೆಲಾಳಂಥ ಹೊರನಾಡಿನ ಕಥೆಗಳು! ಇಂಗ್ಲಿಷ್ ಮಾಲೆ ‘ಕೃಷ್ಣ’ನೊಂದಿಗೆ ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾದದ್ದು ಅದಕ್ಕೇ. ಸಂಪಾದಕ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದದ್ದನ್ನು ಕಂಡದ್ದೇ ತಮಗೆ ಪ್ರೇರಣೆ ಎಂದು ಅವರು ಹೇಳುತ್ತಿದ್ದರು.

ಆಮೇಲೆ 1987ರ ಜನವರಿಯಿಂದ ‘ರಾಮಾಯಣ’ ಧಾರಾವಾಹಿ ಬಂತು. ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾದವು. ದೂರದರ್ಶನದ ಪುಟದಲ್ಲೇ ಇದನ್ನು ಹೇಳಬೇಕಾಗಿದೆ: ಪರದೆಯಲ್ಲಿ ಎಲ್ಲ ಮಕ್ಕಳಿಗೂ ಒಬ್ಬನೇ ರಾವಣ. ಅಜ್ಜಿ ‘ಹತ್ತು ತಲೆ’ ಎಂದಾಗ, ಆತ ಯಾವ ಮಗ್ಗುಲಾಗಿ ಮಲಗುತ್ತಾನೆ ಎಂಬ ಚಿಂತೆ ಪ್ರತಿ ಮಗುವಿನದೂ ಬೇರೆ. ಪೆಟ್ಟಿಗೆ ಆರಿಸಿದ ಮೇಲೆ ‘ಆಮೇಲೆ ಏನಾಯಿತು, ನೀನೇ ಹೇಳು’ ಎನ್ನಲು ಮನೆಯಲ್ಲಿ ಒಬ್ಬರು ಬೇಕು.

ಎ.ಕೆ. ರಾಮಾನುಜನ್ ತಮ್ಮ ಸಂಕಲನದಲ್ಲಿ ಸೇರಿಸಿದ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು, ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಅವು, ಅವಳು ನಿದ್ರಿಸುವಾಗ ಹೊರಬಿದ್ದು, ಕಥೆ ಜೋಡುಗಳಾಗಿ ಬಾಗಿಲಲ್ಲಿ ಕೂತಿತು, ಹಾಡು ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಇವು ಯಾರವೆಂದು ಗಂಡ ಜಗಳ ತೆಗೆದು, ಕಂಬಳಿ ಹೊತ್ತು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಆ ಗುಡಿಯಲ್ಲಿ ಸೇರಿ ಹರಟುವ ರೂಢಿ. ಅವನ ಮನೆಯ ಜ್ವಾಲೆ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿತು. ಬೆಳಗಾಗುತ್ತಲೇ ಆತ ಮನೆಗೆ ಓಡಿ, ನಿನಗೆ ಗೊತ್ತಿದ್ದ ಕಥೆ, ಹಾಡು ಯಾವುವು ಎಂದು ಹೆಂಡತಿಯನ್ನು ಕೇಳಿದ. ಅವಳು, ‘ಯಾವ ಕಥೆ? ಯಾವ ಹಾಡು?’ ಎಂದಳು.