ಲವ್‌ಡೇಲ್: ಲ್ಯಾಟಿನ್ ವ್ಯಾಕರಣಕ್ಕೂ ಬಡಗಿಯ ಉಳಿಗೂ ನಡುವೆ

ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತದಲ್ಲಿ, ಆಲಿಸ್ ಎಂಬ ಸಣ್ಣ ಪಟ್ಟಣದ ಮಗ್ಗುಲಲ್ಲಿ ಹರಿಯುವ ಟ್ಯೂಮಿ ನದಿಯ ದಡದ ಮೇಲೆ ಸ್ಕಾಟ್ಲೆಂಡಿನ ಮಿಷನರಿಗಳು ಕಟ್ಟಿ ಬೆಳೆಸಿದ ಲವ್‌ಡೇಲ್ ವಿದ್ಯಾಸಂಸ್ಥೆಯನ್ನು ಬಿಟ್ಟು ಆ ದೇಶದ ಕಪ್ಪು ಜನರ ಆಧುನಿಕ ಶಿಕ್ಷಣದ ಚರಿತ್ರೆಯನ್ನು ಬರೆಯಲಾಗದು. 1841ರಲ್ಲಿ ಆರಂಭವಾಗಿ, ಒಂದು ಶತಮಾನಕ್ಕೂ ಮಿಕ್ಕಿ ಮಿಷನ್ ಆಡಳಿತದಲ್ಲಿ ನಡೆದ ಈ ಶಾಲೆಯ ಚರಿತ್ರೆಯ ಉದ್ದಕ್ಕೂ ಒಂದೇ ವಾದ ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತದೆ: ಬಡ ಸಮುದಾಯದ ಮಕ್ಕಳಿಗೆ ಏನನ್ನು ಕಲಿಸಬೇಕು, ಎಷ್ಟರವರೆಗೆ ಕಲಿಸಬೇಕು, ಅದನ್ನು ನಿರ್ಧರಿಸುವ ಅಧಿಕಾರ ಯಾರದು. ಈ ವಾದದಲ್ಲಿ ಮಿಷನರಿಗಳು ಒಮ್ಮತದಿಂದ ಇರಲಿಲ್ಲ; ಕಲಿಯಲು ಬಂದವರೂ ಕೊಟ್ಟದ್ದನ್ನು ಸುಮ್ಮನೆ ಸ್ವೀಕರಿಸಿ ಕುಳಿತವರಲ್ಲ.

ಗ್ಲಾಸ್ಗೊ ಮಿಷನರಿ ಸಂಘದ ಪಾದ್ರಿಗಳು ಖೋಸಾ ಜನರ ನಾಡಿಗೆ ಬಂದದ್ದು 1820ರ ದಶಕದ ಆರಂಭದಲ್ಲಿ. ಖೋಸಾ ಜನರು ದನಕರುಗಳನ್ನೇ ಸಂಪತ್ತೆಂದು ಭಾವಿಸಿ, ಜೋಳ ಬೆಳೆದು, ಹಲವು ಮುಖಂಡರ ಅಧೀನದಲ್ಲಿ ಬಾಳುತ್ತಿದ್ದವರು. ಆಗ ಅವರ ಹುಲ್ಲುಗಾವಲುಗಳ ಅಂಚಿಗೆ ಬ್ರಿಟಿಷರ ಕೇಪ್ ವಸಾಹತಿನ ಗಡಿ ವರ್ಷವರ್ಷವೂ ಒತ್ತಿಕೊಂಡು ಬರುತ್ತಿತ್ತು. 1821ರಲ್ಲಿ ಬಂದ ಜಾನ್ ಬೆನ್ನಿ ಖೋಸಾ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಕ್ರಮವನ್ನು ರೂಪಿಸತೊಡಗಿದರು. 1823ರ ಡಿಸೆಂಬರ್‌ನಲ್ಲಿ ಜಾನ್ ರಾಸ್ ಒಂದು ಸಣ್ಣ ಮುದ್ರಣಯಂತ್ರವನ್ನು ತಂದು ಇಳಿಸಿದ ಕೆಲವೇ ದಿನಗಳಲ್ಲಿ ಆ ಭಾಷೆಯ ಮೊದಲ ಮುದ್ರಿತ ಹಾಳೆಗಳು ಹೊರಬಂದವು. ಮರುವರ್ಷ ಇಬ್ಬರೂ ಸೇರಿ ಸ್ಥಾಪಿಸಿದ ಹೊಸ ನೆಲೆಗೆ, ಸಂಘದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಜಾನ್ ಲವ್ ಅವರ ನೆನಪಿನಲ್ಲಿ, 1826ರಲ್ಲಿ ಲವ್‌ಡೇಲ್ ಎಂಬ ಹೆಸರು ಬಂತು. 1834–35ರ ಗಡಿಯುದ್ಧದಲ್ಲಿ ಆ ನೆಲೆ ಸುಟ್ಟುಹೋದ ಮೇಲೆ, 1836ರಲ್ಲಿ ಅದು ಟ್ಯೂಮಿ ನದಿಯ ಪಶ್ಚಿಮ ದಡದ ಈಗಿನ ಸ್ಥಳಕ್ಕೆ ಬದಲಾಯಿತು.

ಯುದ್ಧ ಅಲ್ಲಿಗೆ ಮುಗಿಯಲಿಲ್ಲ. 1846ರಲ್ಲೂ 1850ರಲ್ಲೂ ಮತ್ತೆ ಕದನಗಳಾಗಿ, ಪಾಠ ನಿಂತುಹೋಗಿ, ಶಾಲೆಯ ಕಟ್ಟಡಗಳಲ್ಲಿ ಸೈನಿಕರು ಬೀಡುಬಿಟ್ಟ ಕಾಲವೂ ಇತ್ತು. ಮಿಷನರಿಗಳ ಬದುಕಿನ ಮೂಲ ಇಕ್ಕಟ್ಟು ಇಲ್ಲಿಯೇ ಇದೆ: ಅವರು ಯಾರ ನಡುವೆ ಬಾಳಲು ಬಂದಿದ್ದರೋ ಆ ಜನರ ನೆಲವನ್ನು ಕಸಿದುಕೊಳ್ಳುತ್ತಿದ್ದ ಸರ್ಕಾರವೇ ಅವರಿಗೆ ರಕ್ಷಣೆಯನ್ನೂ ಧನಸಹಾಯವನ್ನೂ ನೀಡುತ್ತಿತ್ತು. 1856–57ರಲ್ಲಿ ನೋಂಗ್‌ಕಾವುಸೆ ಎಂಬ ಹುಡುಗಿಯ ಭವಿಷ್ಯವಾಣಿಯನ್ನು ನಂಬಿ, ಸತ್ತ ಹಿರಿಯರು ಹೊಸ ದನಗಳೊಡನೆ ಎದ್ದುಬರುತ್ತಾರೆಂಬ ಭರವಸೆಯಲ್ಲಿ, ಖೋಸಾ ಜನರು ತಮ್ಮ ದನಗಳನ್ನು ತಾವೇ ಕೊಂದು ಧಾನ್ಯವನ್ನು ಹಾಳುಗೆಡವಿದರು. ಅದಕ್ಕೆ ಮುಂಚೆಯೇ ಯುರೋಪಿನಿಂದ ಬಂದ ಶ್ವಾಸಕೋಶದ ರೋಗವೊಂದು ಹಿಂಡುಗಳನ್ನು ನಾಶಮಾಡಿತ್ತು, ಸೋಲಿನ ಮೇಲೆ ಸೋಲು ಜನರನ್ನು ಕಂಗೆಡಿಸಿತ್ತು ಎಂಬುದನ್ನು ಮರೆತರೆ ಈ ದುರಂತ ಅರ್ಥವಾಗದು. ಸುಮಾರು 4 ಲಕ್ಷ ದನಗಳು ಹತವಾದವು, ಸುಮಾರು 40,000 ಜನರು ಹಸಿವಿನಿಂದ ಸತ್ತರು, ಉಳಿದವರಲ್ಲಿ ಸಾವಿರಾರು ಮಂದಿ ಬಿಳಿಯರ ಹೊಲಗಳಲ್ಲಿ ಕೂಲಿಗೆ ಹೋದರು. ಲವ್‌ಡೇಲ್ ಬೆಳೆದದ್ದು ಈ ಬಡತನದ ಮೇಲೆ. ಅದರ ಸುತ್ತಣ ಜನರು ಹುಟ್ಟಾ ಬಡವರಲ್ಲ, ಒಂದೇ ತಲೆಮಾರಿನಲ್ಲಿ ಬಡವರಾಗಿಸಲ್ಪಟ್ಟವರು.

1841ರ ಜುಲೈಯಲ್ಲಿ ವಿಲಿಯಂ ಗೋವನ್ ಮುಖ್ಯೋಪಾಧ್ಯಾಯರಾಗಿ ಪಾಠಶಾಲೆ ತೆರೆದಾಗ 20 ವಿದ್ಯಾರ್ಥಿಗಳಿದ್ದರು. ಅವರಲ್ಲಿ 11 ಮಂದಿ ಕಪ್ಪು ಹುಡುಗರು, 9 ಮಂದಿ ಬಿಳಿಯರು, ಹೆಚ್ಚಿನಂಶ ಮಿಷನರಿಗಳ ಮಕ್ಕಳು. ಸ್ಕಾಟ್ಲೆಂಡಿನ ಒಳ್ಳೆಯ ಶಾಲೆಗಳಲ್ಲಿ ಕಲಿಸುತ್ತಿದ್ದ ಲ್ಯಾಟಿನ್, ಗ್ರೀಕ್, ಗಣಿತಗಳನ್ನು ಗೋವನ್ ಇಲ್ಲಿಯೂ ಕಲಿಸಿದರು, ಕಪ್ಪು ಮತ್ತು ಬಿಳಿಯ ಹುಡುಗರನ್ನು ಒಂದೇ ತರಗತಿಯಲ್ಲಿ ಕೂರಿಸಿ ಒಂದೇ ಪರೀಕ್ಷೆ ಕೊಟ್ಟರು. ಬಣ್ಣದ ಭೇದವೇ ನೆಲದ ಕಾನೂನಾಗುತ್ತಿದ್ದ ವಸಾಹತಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಈ ನೀತಿಯ ಫಲವನ್ನು ಟಿಯೋ ಸೋಗಾ ಅವರಲ್ಲಿ ಕಾಣಬಹುದು: 1844ರಲ್ಲಿ ಲವ್‌ಡೇಲ್ ಸೇರಿದ ಈ ಖೋಸಾ ಹುಡುಗ ಯುದ್ಧದ ಕಾಲದಲ್ಲಿ ಗೋವನ್ ಜೊತೆ ಸ್ಕಾಟ್ಲೆಂಡಿಗೆ ಹೋಗಿ, ಮುಂದೆ ಅಲ್ಲಿಯೇ ಧರ್ಮಶಾಸ್ತ್ರ ಓದಿ, 1856ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾದರು. ದಕ್ಷಿಣ ಆಫ್ರಿಕಾದ ಕಪ್ಪು ಜನರಲ್ಲಿ ಆ ಪದವಿ ಪಡೆದ ಮೊದಲಿಗರು ಅವರೇ. ಮರಳಿ ಬಂದು, ಜಾನ್ ಬನ್ಯನ್‌ನ ಪ್ರಸಿದ್ಧ ಯಾತ್ರಿಕನ ಕಥೆಯ ಮೊದಲ ಭಾಗವನ್ನು ಖೋಸಾ ಭಾಷೆಗೆ ತಂದ ಅವರ ಗದ್ಯವು ಆ ಭಾಷೆಯ ಬರಹಕ್ಕೆ ಮಾದರಿಯಾಯಿತು.

1850ರ ದಶಕದಲ್ಲಿ ಕೇಪ್‌ನ ಗವರ್ನರ್ ಸರ್ ಜಾರ್ಜ್ ಗ್ರೇ ಕೊಟ್ಟ ಅನುದಾನದಿಂದ ಗಾರೆ ಕೆಲಸ, ಬಡಗಿತನ, ಬಂಡಿ ತಯಾರಿ, ಕಮ್ಮಾರಿಕೆಗಳ ವಿಭಾಗಗಳೂ, 1861ರಲ್ಲಿ ಮುದ್ರಣ ಮತ್ತು ಪುಸ್ತಕ ಹೊಲಿಗೆಯ ವಿಭಾಗವೂ ಆರಂಭವಾದವು. ಕೈಕೆಲಸ ಕಲಿಸುವುದಕ್ಕೆ ಯಾರ ವಿರೋಧವೂ ಇರಲಿಲ್ಲ. ವಿವಾದ ಹುಟ್ಟಿದ್ದು 1867ರಲ್ಲಿ ಜೇಮ್ಸ್ ಸ್ಟೂವರ್ಟ್ ಬಂದ ಮೇಲೆ. ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಓಡಾಡಿದ ಜಾಂಬೆಜಿ ನದಿಯ ಪ್ರದೇಶವನ್ನು ಸುತ್ತಿ ಬಂದಿದ್ದ, ಎತ್ತರದ ಆಳಾದ, ಅಪಾರ ಕಾರ್ಯಶಕ್ತಿಯ ಸ್ಟೂವರ್ಟ್ ಅವರ ವಾದ ಸರಳವಾಗಿತ್ತು: ಕೆಲವೇ ಮಂದಿಗೆ ಉನ್ನತ ವಿದ್ಯೆ ಕೊಡುವ ಬದಲು ಬಹುಜನರಿಗೆ ಪ್ರಾಥಮಿಕ ವಿದ್ಯೆಯನ್ನೂ ಕಸುಬನ್ನೂ ಕಲಿಸಬೇಕು, ಲ್ಯಾಟಿನ್ ಮತ್ತು ಗ್ರೀಕ್‌ಗಳ ಜಾಗದಲ್ಲಿ ಇಂಗ್ಲಿಷ್ ಇರಬೇಕು. ಗೋವನ್ ಒಪ್ಪಲಿಲ್ಲ, ಕಪ್ಪು ವಿದ್ಯಾರ್ಥಿಗೆ ಬಿಳಿಯನಿಗಿಂತ ಕೆಳಗಿನ ಪಠ್ಯ ಸಾಕೆಂಬ ತೀರ್ಮಾನ ಅದರಲ್ಲಿ ಅಡಗಿದೆಯೆಂಬುದು ಅವರ ಆತಂಕ. ವಿವಾದವು, ಆ ವೇಳೆಗೆ ಲವ್‌ಡೇಲನ್ನು ನಡೆಸುತ್ತಿದ್ದ ಸ್ಕಾಟ್ಲೆಂಡಿನ ಸ್ವತಂತ್ರ ಚರ್ಚಿನ, ಎಡಿನ್‌ಬರೋದಲ್ಲಿದ್ದ ವಿದೇಶಿ ಮಿಷನ್ ಸಮಿತಿಗೆ ಹೋಯಿತು. ಸಮಿತಿಯ ಮುಖ್ಯಸ್ಥರಾಗಿದ್ದವರು, 1830ರಲ್ಲಿ ಕಲ್ಕತ್ತದಲ್ಲಿ ಶಾಲೆ ತೆರೆದು ಭಾರತದಲ್ಲಿ ಇಂಗ್ಲಿಷ್ ಉನ್ನತ ಶಿಕ್ಷಣದ ಪರವಾಗಿ ದೀರ್ಘಕಾಲ ವಾದಿಸಿದ್ದ ಅಲೆಕ್ಸಾಂಡರ್ ಡಫ್. ಭಾರತವನ್ನು ಬಿಟ್ಟು ಊರಿಗೆ ಮರಳುವಾಗ 1864ರಲ್ಲಿ ಅವರು ಲವ್‌ಡೇಲನ್ನೂ ಕಂಡಿದ್ದರು. ಬಂಗಾಳದ ಮೇಲ್ವರ್ಗದ ಯುವಕರಿಗೆ ತರ್ಕ, ವಿಜ್ಞಾನ, ತತ್ತ್ವಶಾಸ್ತ್ರಗಳು ಬೇಕೆಂದು ಹೋರಾಡಿದ ವ್ಯಕ್ತಿಯ ಸಮಿತಿ ಖೋಸಾ ಹುಡುಗರ ವಿಷಯದಲ್ಲಿ ಸ್ಟೂವರ್ಟ್ ಪರವಾಗಿ ನಿಂತಿತು. 1870ರಲ್ಲಿ ಗೋವನ್ ರಾಜೀನಾಮೆ ಕೊಟ್ಟು ಹೊರಟುಹೋದರು. ಸ್ಟೂವರ್ಟ್ 1905ರಲ್ಲಿ ಸಾಯುವವರೆಗೂ ಮುಖ್ಯಸ್ಥರಾಗಿ ಉಳಿದರು.

ಸ್ಟೂವರ್ಟ್ ಕಾಲದಲ್ಲಿ ಲವ್‌ಡೇಲ್ ಒಂದು ಶಾಲೆಯಷ್ಟೇ ಅಲ್ಲದೆ ಒಂದು ಸಣ್ಣ ಊರೇ ಆಯಿತು. ಮಿಷನರಿಗಳ ಮನೆಗಳು, ವಸತಿಗೃಹಗಳು, ಕಾರ್ಯಾಗಾರಗಳು, ಛಾಪಖಾನೆ, ತೋಟ, ಹೊಲ, ನೀರಿನ ಕಾಲುವೆ ಎಲ್ಲವೂ ಗಂಟೆಯ ಸದ್ದಿಗೆ ನಡೆಯುತ್ತಿದ್ದವು. ಕಸುಬು ಕಲಿಯದ ವಿದ್ಯಾರ್ಥಿಗಳೂ ಪಾಠ ಮುಗಿದ ಮೇಲೆ ಮಧ್ಯಾಹ್ನ ಸುಮಾರು ಎರಡು ಗಂಟೆ ಕಾಲ ರಸ್ತೆ, ತೋಟ, ಹೊಲಗಳಲ್ಲಿ ದುಡಿಯಬೇಕಿತ್ತು. ದೇಹಶ್ರಮವೂ ಪ್ರಾರ್ಥನೆಯಂತೆಯೇ ಶೀಲವನ್ನು ರೂಪಿಸುತ್ತದೆ ಎಂಬುದು ಸ್ಕಾಟಿಷ್ ಪಾದ್ರಿಗಳ ಗಾಢ ನಂಬಿಕೆ. ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕೂರುತ್ತಿದ್ದರಾದರೂ ಬೇರೆ ಬೇರೆ ಮೇಜುಗಳಲ್ಲಿ ಉಣ್ಣುತ್ತಿದ್ದರು, ಬೇರೆ ಬೇರೆ ಕೋಣೆಗಳಲ್ಲಿ ಮಲಗುತ್ತಿದ್ದರು. ಸಮಾನತೆಯನ್ನು ಪಾಠದ ಕೋಣೆಯಲ್ಲಿ ಒಪ್ಪಿ ಊಟದ ಕೋಣೆಯಲ್ಲಿ ತಡೆಹಿಡಿದ ಈ ಏರ್ಪಾಡು, ಪಂಕ್ತಿಭೇದವನ್ನು ಬಲ್ಲ ಕನ್ನಡದ ಓದುಗರಿಗೆ ಹೆಚ್ಚು ವಿವರಿಸಬೇಕಾದದ್ದಲ್ಲ.

ಈ ಊರಿನಲ್ಲಿ ಹೆಂಗಸರ ಪಾಲು ದೊಡ್ಡದಾದರೂ ಸಂಸ್ಥೆಯ ಚರಿತ್ರೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಚಿಕ್ಕದು. 1868ರಲ್ಲಿ ತೆರೆದ ಬಾಲಿಕೆಯರ ವಿಭಾಗವನ್ನು ಇನ್ವರ್ನೆಸ್‌ನಿಂದ ಬಂದ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಜೇನ್ ವಾಟರ್‌ಸ್ಟನ್ ನಡೆಸಿದರು. ವಸತಿಶಾಲೆ ಬಂದೀಖಾನೆಯಂತಿರದೆ ಮನೆಯಂತಿರಬೇಕು ಎಂಬುದು ಅವರ ಹಟ. ಅಲ್ಲಿ ಹುಡುಗಿಯರಿಗೆ ಓದು ಬರಹದ ಜೊತೆಗೆ ಹೊಲಿಗೆ, ಬಟ್ಟೆ ಒಗೆತ, ಇಸ್ತ್ರಿ, ಅಡುಗೆಗಳನ್ನು ಕಲಿಸಲಾಗುತ್ತಿತ್ತು. ಪಾದ್ರಿಗೋ ಶಿಕ್ಷಕನಿಗೋ ತಕ್ಕ ಹೆಂಡತಿಯಾಗುವುದು, ಇಲ್ಲವೇ ಬಿಳಿಯರ ಮನೆಯಲ್ಲಿ ಕೆಲಸಕ್ಕೆ ಸೇರುವುದು ಆ ಪಾಠಗಳ ಗುರಿಯಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವಾಟರ್‌ಸ್ಟನ್ ಸ್ವತಃ ಆ ಗಡಿಯೊಳಗೆ ಉಳಿಯದೆ, ವೈದ್ಯಶಿಕ್ಷಣ ಪಡೆದು, ಮಲಾವಿ ಸರೋವರದ ತೀರದ ಲಿವಿಂಗ್‌ಸ್ಟೋನಿಯ ಮಿಷನ್ನಿಗೆ ವೈದ್ಯೆಯಾಗಿ ಹೋಗಿ, ಅಲ್ಲಿನ ಗಂಡಸರ ಆಡಳಿತ ತಮ್ಮ ವಿದ್ಯೆಗೆ ಬೆಲೆ ಕೊಡದ್ದನ್ನು ಸಹಿಸದೆ ಬಿಟ್ಟುಬಂದು, ಕೊನೆಗೆ ಕೇಪ್‌ಟೌನ್‌ನಲ್ಲಿ ದೀರ್ಘಕಾಲ ಬಡವರ ವೈದ್ಯೆಯಾಗಿದ್ದರು. ಅದೇ ಲಿವಿಂಗ್‌ಸ್ಟೋನಿಯಕ್ಕೆ 1876ರಲ್ಲಿ ಲವ್‌ಡೇಲಿನ ನಾಲ್ವರು ಕಪ್ಪು ಯುವಕರೂ ಸ್ವಇಚ್ಛೆಯಿಂದ ಹೋದರು. ಅವರಲ್ಲಿ ವಿಲಿಯಂ ಕೋಯಿ ಎಂಬವರು ಅಲ್ಲಿನ ಎಂಗೋನಿ ಜನರ ವಿಶ್ವಾಸ ಗಳಿಸಿ, ಹತ್ತು ವರ್ಷ ದುಡಿದು, 1886ರಲ್ಲಿ ಅಲ್ಲಿಯೇ ತೀರಿಕೊಂಡರು. ಮಿಷನರಿ ಎಂದೊಡನೆ ಬಿಳಿಯ ಮುಖವನ್ನೇ ಕಲ್ಪಿಸಿಕೊಳ್ಳುವ ರೂಢಿಯನ್ನು ಬಿಡಲು ಕೋಯಿಯವರ ಬದುಕೊಂದೇ ಸಾಕು.

ಸುತ್ತಲಿನ ಸಮುದಾಯವು ಈ ಶಾಲೆಯ ಬಗ್ಗೆ ಒಂದೇ ಅಭಿಪ್ರಾಯ ಹೊಂದಿರಲಿಲ್ಲ. ಮೈಗೆ ಕೆಮ್ಮಣ್ಣು ಬಳಿದು ಹಳೆಯ ರೀತಿನೀತಿಗಳನ್ನು ಉಳಿಸಿಕೊಂಡವರು ಒಂದು ಕಡೆ, ಯುರೋಪಿಯನ್ ಉಡುಪು ತೊಟ್ಟು ಚರ್ಚಿಗೂ ಶಾಲೆಗೂ ಹೋಗುವವರು ಇನ್ನೊಂದು ಕಡೆ ಎಂಬ ಬಿರುಕು ಹಳ್ಳಿಹಳ್ಳಿಯಲ್ಲೂ ಮೂಡಿತು. ವರನ ಮನೆಯವರು ವಧುವಿನ ಮನೆಗೆ ದನಗಳನ್ನು ಕೊಡುವ ಲೊಬೊಲಾ ಎಂಬ ಪದ್ಧತಿಯನ್ನೂ, ಹುಡುಗರು ಗಂಡಸರಾಗುವ ಸುನ್ನತಿಯ ದೀಕ್ಷೆಯನ್ನೂ, ಜೋಳದ ಬಿಯರನ್ನೂ ಮಿಷನರಿಗಳು ಪಾಪವೆಂದು ಸಾರಿದರು. ಆ ಪದ್ಧತಿಗಳು ಸಂಬಂಧಗಳನ್ನು ಹೇಗೆ ಕಟ್ಟಿಹಿಡಿದಿದ್ದವು ಎಂಬುದನ್ನು ತಿಳಿಯುವ ತಾಳ್ಮೆ ಅವರಲ್ಲಿ ಬಹಳ ಮಂದಿಗೆ ಇರಲಿಲ್ಲ. ಹಾಗಿದ್ದೂ ವಿದ್ಯೆಯ ಹಸಿವು ಹಬ್ಬಿತು. 1870ರ ನಂತರ ಶುಲ್ಕ ವಿಧಿಸಿದಾಗ ಜನರು ಉಣ್ಣೆ, ಧಾನ್ಯ, ದನಗಳನ್ನು ಮಾರಿ ಅದನ್ನು ತೆತ್ತರು. ಕೇ ನದಿಯಾಚೆಯ ಮ್ಫೆಂಗು ಜನರು ತಮಗೂ ಒಂದು ಲವ್‌ಡೇಲ್ ಬೇಕೆಂದು ಕೇಳಿದಾಗ, ಮೊದಲು ಸಾವಿರ ಪೌಂಡ್ ಕೂಡಿಸಿ ಎಂದು ಸ್ಟೂವರ್ಟ್ ಹೇಳಿದರು. ಅವರು ಕೂಡಿಸಿದರು, ಮುಂದೆ ಅದರ ಹಲವು ಪಟ್ಟು ಕೂಡಿಸಿದರು. 1877ರಲ್ಲಿ ಬ್ಲೈತ್ಸ್‌ವುಡ್ ಶಾಲೆ ತೆರೆಯಿತು. ಬಡವರ ಶಾಲೆಗಳು ದೂರದ ದಾನಿಗಳ ಕರುಣೆಯಿಂದಲೇ ನಡೆದವೆಂಬ ಮಾತನ್ನು ಈ ಹಣದ ಲೆಕ್ಕ ಸುಳ್ಳಾಗಿಸುತ್ತದೆ.

ಲವ್‌ಡೇಲಿನ ಛಾಪಖಾನೆಯ ಕೊಡುಗೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. 1870ರಲ್ಲಿ ಇಂಗ್ಲಿಷ್ ಮತ್ತು ಖೋಸಾ ಎರಡರಲ್ಲೂ ಆರಂಭವಾದ ಪತ್ರಿಕೆಯ ಖೋಸಾ ಭಾಗವು 1876ರಲ್ಲಿ ಇಸಿಗಿಡಿಮಿ ಎಂಬ ಸ್ವತಂತ್ರ ಪತ್ರಿಕೆಯಾಗಿ, ಎಲೈಜಾ ಮಾಕಿವಾನೆ ಮತ್ತು ಅನಂತರ ಜಾನ್ ಟೆಂಗೊ ಜಬಾವು ಎಂಬ ಕಪ್ಪು ಸಂಪಾದಕರ ಕೈಯಲ್ಲಿ ಬೆಳೆಯಿತು. ರಾಜಕೀಯ ಬರೆಯಲು ಮಿಷನ್ ಬಿಡದ ಕಾರಣ ಜಬಾವು ಹೊರಬಂದು, 1884ರಲ್ಲಿ ಕಿಂಗ್ ವಿಲಿಯಮ್ಸ್ ಟೌನ್‌ನಲ್ಲಿ ಇಮ್ವೊ ಜಬಾಂಟ್ಸುಂಡು ಎಂಬ ತಮ್ಮದೇ ಪತ್ರಿಕೆಯನ್ನು ಹೊರತಂದರು. 1914ರಲ್ಲಿ ಎಸ್. ಇ. ಕೆ. ಮ್ಕಾಯಿ ಅವರ ಖೋಸಾ ಕೃತಿ ‘ಇತ್ಯಾಲ ಲಮಾವೆಲೆ’ ಲವ್‌ಡೇಲಿನಿಂದ ಹೊರಬಂತು. ಕಪ್ಪು ದಕ್ಷಿಣ ಆಫ್ರಿಕನ್ನನೊಬ್ಬ ಇಂಗ್ಲಿಷಿನಲ್ಲಿ ಬರೆದ ಮೊದಲ ಪೂರ್ಣ ಕಾದಂಬರಿಯೆಂದು ಗಣಿಸಲಾಗುವ ಸೋಲ್ ಪ್ಲಾಚೆಯವರ ‘ಮ್ಹುದಿ’ ಹತ್ತು ವರ್ಷ ಪ್ರಕಾಶಕರಿಲ್ಲದೆ ಕಾದು 1930ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಕ್ರೈಸ್ತ ನೀತಿಗೆ ಒಗ್ಗದ್ದನ್ನು ಬದಿಗಿಡುವ ಸಂಪಾದಕರ ಕತ್ತರಿಯೂ ಇದೇ ಮೇಜಿನ ಮೇಲಿತ್ತು. ಆದರೆ ಬೇರೆ ಯಾವ ಮೇಜೂ ಈ ಲೇಖಕರಿಗೆ ತೆರೆದಿರಲಿಲ್ಲ.

ವೈದ್ಯಕೀಯದಲ್ಲಿಯೂ ಇಂಥದೇ ಫಲ ಕಂಡಿತು. ಲವ್‌ಡೇಲಿನಲ್ಲಿ 1898ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತರಬೇತಿ ಪಡೆದ ಸಿಸಿಲಿಯಾ ಮಾಕಿವಾನೆ, ಇಸಿಗಿಡಿಮಿಯ ಸಂಪಾದಕ ಎಲೈಜಾ ಅವರ ಮಗಳು, 1908ರಲ್ಲಿ ದಕ್ಷಿಣ ಆಫ್ರಿಕಾದ ಮೊದಲ ನೋಂದಾಯಿತ ಕಪ್ಪು ದಾದಿಯಾದರು. 1916ರಲ್ಲಿ ನದಿಯ ಆಚೆ ದಡದಲ್ಲಿ, ಹಳೆಯ ಕೋಟೆಯೊಂದರ ನೆಲದ ಮೇಲೆ, ಫೋರ್ಟ್ ಹೇರ್ ಕಾಲೇಜು ಆರಂಭವಾಯಿತು. ಗೋವನ್ ಬಯಸಿದ್ದ ಉನ್ನತ ವಿದ್ಯೆ ಅವರು ಬಿಟ್ಟುಹೋದ 46 ವರ್ಷಗಳ ಮೇಲೆ ಹೀಗೆ ಪಕ್ಕದಲ್ಲಿಯೇ ಬೇರುಬಿಟ್ಟಿತು. ಮುಂದೆ ನೆಲ್ಸನ್ ಮಂಡೇಲಾ ಓದಿದ್ದೂ ಅದೇ ಕಾಲೇಜಿನಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಒಳಗಿನ ಬಿರುಕುಗಳು ಹೊರಬಿದ್ದವು. 1913ರ ಭೂಕಾನೂನು ಕಪ್ಪು ಜನರಿಗೆ ದೇಶದ ಭೂಮಿಯಲ್ಲಿ ಸುಮಾರು ನೂರರಲ್ಲಿ ಏಳು ಭಾಗವನ್ನಷ್ಟೇ ಉಳಿಸಿದ ಮೇಲೆ, ಶುಲ್ಕ ತೆರುತ್ತಿದ್ದ ರೈತ ಕುಟುಂಬಗಳು ಸೊರಗಿದವು, ಗಂಡಸರು ಚಿನ್ನದ ಗಣಿಗಳಿಗೆ ಹೋದರು. 1920ರಲ್ಲಿ ಬ್ರೆಡ್ಡಿನ ಗುಣಮಟ್ಟದ ದೂರಿನಿಂದ ಕಿಡಿ ಹತ್ತಿ ವಿದ್ಯಾರ್ಥಿಗಳು ಗಲಭೆಯೆದ್ದರು. 1946ರಲ್ಲಿ ಮತ್ತೆ ದೊಡ್ಡ ದಂಗೆಯಾಗಿ ನೂರೈವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಊಟದ ತಟ್ಟೆಯ ಕೊರತೆ ಎಂದು ಆಡಳಿತ ಬಗೆದದ್ದು, ತಂದೆಯ ಸ್ಥಾನದಲ್ಲಿ ನಿಂತು ಆಳುವ ಅಧಿಕಾರವನ್ನೇ ಒಪ್ಪದ ಹೊಸ ತಲೆಮಾರಿನ ದನಿಯಾಗಿತ್ತು.

1953ರಲ್ಲಿ ವರ್ಣಭೇದ ಸರ್ಕಾರ ತಂದ ಬಾಂಟು ಶಿಕ್ಷಣ ಕಾಯ್ದೆಯು ಕಪ್ಪು ಮಕ್ಕಳ ಶಾಲೆಗಳನ್ನು ಚರ್ಚುಗಳ ಕೈಯಿಂದ ಸರ್ಕಾರದ ಇಲಾಖೆಗೆ ವರ್ಗಾಯಿಸಿ, ಅವರನ್ನು ದೈಹಿಕ ದುಡಿಮೆಗೆ ತಕ್ಕಷ್ಟೇ ಓದಿಸುವ ನೀತಿಯನ್ನು ಕಾನೂನಾಗಿಸಿತು. ಅನುದಾನ ನಿಂತುಹೋಗುವ ಬೆದರಿಕೆಯಲ್ಲಿ ಮಿಷನ್‌ಗಳು ಒಂದೊಂದಾಗಿ ಕೈಬಿಟ್ಟವು. ಲವ್‌ಡೇಲ್ 1955ರಲ್ಲಿ ಸರ್ಕಾರದ ವಶವಾಯಿತು. ಸ್ಟೂವರ್ಟ್ ಎಂದೂ ಇಂಥದನ್ನು ಬಯಸಿರಲಿಲ್ಲ. 1887ರಲ್ಲಿ ಅವರು ಎರಡು ಸಾವಿರಕ್ಕೂ ಮಿಕ್ಕಿದ ಹಳೆಯ ವಿದ್ಯಾರ್ಥಿಗಳ ಹೆಸರು ಮತ್ತು ವೃತ್ತಿಗಳ ದಾಖಲೆಯನ್ನು ಪ್ರಕಟಿಸಿದ್ದು, ಓದಿದ ಕಪ್ಪು ಜನರು ಕೆಲಸಕ್ಕೆ ಬಾರರು ಎಂಬ ಬಿಳಿಯ ವಸಾಹತುಗಾರರ ಮಾತಿಗೆ ಉತ್ತರವಾಗಿ. ಆದರೂ ಒಂದು ಜನಾಂಗಕ್ಕೆ ಇಷ್ಟು ವಿದ್ಯೆ ಸಾಕು ಎಂದು ಹೊರಗಿನವರು ಗೆರೆ ಎಳೆಯಬಹುದೆಂಬುದನ್ನು 1870ರಲ್ಲಿ ಒಪ್ಪಿಕೊಂಡ ಮಿಷನ್ನಿಗೆ, 1953ರಲ್ಲಿ ಅದೇ ಗೆರೆಯನ್ನು ದ್ವೇಷದಿಂದ ಎಳೆದ ಸರ್ಕಾರವನ್ನು ಎದುರಿಸುವ ವಾದ ಉಳಿದಿರಲಿಲ್ಲ. ಸಂಖ್ಯೆಯ ದೃಷ್ಟಿಯಿಂದ ಸ್ಟೂವರ್ಟ್ ಗೆದ್ದರು. ತತ್ತ್ವದ ಪ್ರಶ್ನೆಯಲ್ಲಿ ಗೋವನ್ ಸರಿಯಾಗಿದ್ದರು.